ಕಣಜದ ಗೂಡಿಗೆ ಬೆಂಕಿ ಇಡುವ ಮುನ್ನ

ತುಡುವೆ ಜೇನು ಬಂದರೆ ಪೆಟ್ಟಿಗೆ ತರುತ್ತೇವೆ, ಕಣಜ ಗೂಡು ಕಟ್ಟಿದರೆ ಸೀಮೆಎಣ್ಣೆ ಪಂಜು ಹುಡುಕುತ್ತೇವೆ. ತೋಟಗಾರಿಕೆ ಓದಿ ಈಗ ಸಾವಯವ ತರಕಾರಿ ಬೆಳೆಯುತ್ತಿರುವ ನನಗೆ ಇದು ಸರಿಯಲ್ಲ ಅನಿಸುತ್ತೆ. ಅಸಲಿಗೆ ಜೇನು ಹುಟ್ಟಿದ್ದೇ ಕಣಜದ ವಂಶದಲ್ಲಿ. ಬೇಟೆಗಾರ ಕಣಜಗಳ ಒಂದು ಕವಲು 10 ಕೋಟಿ ವರ್ಷಕ್ಕೂ ಹಿಂದೆ ಪರಾಗಕ್ಕೆ ತಿರುಗಿ ಜೇನಾಯಿತು.

ಇವು ಕೂಡಿ ಬಾಳೋದು ಯಾಕೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಧ್ಯಯನ ಮಾಡಿದ್ದು, ಕಾಗದದಂಥ ಗೂಡು ಕಟ್ಟುವ ನಮ್ಮ ರೋಪಾಲಿಡಿಯಾ ಮಾರ್ಜಿನೇಟಾ ಕಣಜವನ್ನು. ಇದರಲ್ಲಿ ರಾಣಿಗೂ ಆಳಿಗೂ ನೋಟದಲ್ಲಿ ವ್ಯತ್ಯಾಸವಿಲ್ಲ. ರಾಣಿ ಹೋದರೆ ಆಳುಗಳಲ್ಲೇ ಒಂದು ರಾಣಿಯಾಗುತ್ತೆ. ಹಾಗಿದ್ರೂ ಬೇರೆಯದರ ಮರಿ ಸಾಕುತ್ತಾ ಯಾಕೆ ಇರಬೇಕು? ಅವರು ಕೊಟ್ಟ ಒಂದು ಉತ್ತರ ಹೀಗಿದೆ: ಒಂಟಿ ತಾಯಿ ಸತ್ತರೆ ಮರಿಗಳೂ ಸಾಯುತ್ತವೆ. ಗುಂಪಿನಲ್ಲಾದರೆ ಸತ್ತ ಕಣಜ ಅರ್ಧ ಸಾಕಿದ ಮರಿಯನ್ನು ಉಳಿದವು ಬೆಳೆಸುತ್ತವೆ, ಪಟ್ಟ ಶ್ರಮ ದಂಡವಾಗಲ್ಲ.

ಆ ಮರಿಗಳ ಊಟ ಏನು ಗೊತ್ತಾ? ಎಲೆ ತಿನ್ನುವ ಹುಳು, ಜೇಡ ಇಂಥವೇ. ಹಿಡಿದು, ಅಗಿದು, ಮುದ್ದೆ ಮಾಡಿ ತಂದು ತಿನ್ನಿಸುತ್ತವೆ. ಗೂಡಲ್ಲಿ ಮರಿ ಇರೋ ತನಕ ಬೇಟೆ ನಿಲ್ಲಲ್ಲ.

ಬಾಗಿಲ ಬಳಿ, ಮಕ್ಕಳು ಓಡಾಡೋ ಕಡೆ ಗೂಡಿದ್ದರೆ ತೆಗೆಸಿ, ತಪ್ಪಿಲ್ಲ. ಜೇನುಪೆಟ್ಟಿಗೆಗೆ ಎರಗುವ ದೊಡ್ಡ ಕಣಜದ ಮಾತೂ ಬೇರೆ. ಆದರೆ ಬೇಲಿಯಲ್ಲೋ ಪಂಪ್‌ಹೌಸ್ ಮೂಲೆಯಲ್ಲೋ ಇರೋದನ್ನು ಬಿಟ್ಟುಬಿಡಿ. ಒಂದು ಕೈಲಿ ಹುಳುವಿಗೆ ಬೇವಿನ ಕಷಾಯ ಹೊಡೀತಾ, ಇನ್ನೊಂದು ಕೈಲಿ ಹುಳು ಹಿಡಿಯೋರ ಮನೆಗೆ ಬೆಂಕಿ ಇಟ್ಟರೆ ನಷ್ಟ ನಮಗೇ ಅಲ್ವಾ?