ಇಂಗ್ಲಿಷಿನ ಚಿಲ್ಲರೆ ಪದಗಳು

ದೊಡ್ಡ ದೊಡ್ಡ ಇಂಗ್ಲಿಷ್ ಪದಗಳಿಗೆ ನಮ್ಮ ವಿದ್ಯಾರ್ಥಿಮಿತ್ರರು ಅಷ್ಟಾಗಿ ಹೆದರುವುದಿಲ್ಲ. ‘ಡೆಮಾಕ್ರಸಿ’, ‘ಸಿವಿಲೈಜೇಷನ್’ ಮೊದಲಾದವು ನೋಡಲು ಭಾರಿಯಾದರೂ ಸ್ವಭಾವದಲ್ಲಿ ಸಾಧುಗಳು. ನಿಘಂಟು ತೆರೆದರೆ ಅರ್ಥ ಹೇಳಿ ಸುಮ್ಮನಾಗುತ್ತವೆ. ನಮ್ಮನ್ನು ಕಾಡುವವು ಎರಡು ಮೂರು ಅಕ್ಷರದ ಪುಡಿ ಪದಗಳು: ಅಪ್, ಆಫ್, ಔಟ್, ಇನ್, ಫ್ಯೂ, ಲಿಟ್ಲ್, ಎನಿ. ಜೇಬಿನಲ್ಲಿ ದೊಡ್ಡ ನೋಟಿದ್ದೂ ಬಸ್ಸಿನಲ್ಲಿ ಚಿಲ್ಲರೆಯಿಲ್ಲದೆ ಕಂಡಕ್ಟರ ಕೈಲಿ ಮಾತು ಕೇಳುವವನ ಪಾಡು ನಮ್ಮದು.

ಇದು ನಮ್ಮ ದಡ್ಡತನವೆಂದು ಯಾರೂ ತಿಳಿಯಬೇಕಾಗಿಲ್ಲ. 1755ರಲ್ಲಿ ತಮ್ಮ ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಸ್ಯಾಮ್ಯುಯೆಲ್ ಜಾನ್ಸನ್ನರೇ ಅದರ ಮುನ್ನುಡಿಯಲ್ಲಿ, ಕ್ರಿಯಾಪದದ ಹಿಂದೆ ಇಂಥ ಕಿರುಪದ ಸೇರಿ ಅರ್ಥ ಬೇರೆಯಾಗುವ ಈ ಪದ್ಧತಿ ಪರದೇಶದವರಿಗೆ ಬಹಳ ತೊಡಕಿನದೆಂದು ಒಪ್ಪಿದ್ದಾರೆ. ಇದಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1925ರಲ್ಲಿ, ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬ ಲೇಖಕರ ಪುಸ್ತಕದಲ್ಲಿ. ಹೆಸರಿಟ್ಟ ಮಾತ್ರಕ್ಕೆ ತೊಡಕು ಬಿಡಿಸಿತೇ? ಇಲ್ಲ. ಪರೀಕ್ಷೆಗೆ ಒಂದು ಪ್ರಶ್ನೆ ಹೆಚ್ಚಾಯಿತು, ಅಷ್ಟೆ.

ಪರೀಕ್ಷೆಯ ಮಾತು ಹಾಗಿರಲಿ. ಅಂಕ ಹೋದರೆ ಮತ್ತೆ ಕಟ್ಟಬಹುದು. ನನ್ನ ಊರು ಹಿರೇಹಳ್ಳಿ. ತುಮಕೂರಿನಿಂದ ಬೆಂಗಳೂರಿನ ಹಾದಿ ಹಿಡಿದು ಕ್ಯಾತ್ಸಂದ್ರ ದಾಟಿದರೆ ಸಿಗುತ್ತದೆ. ತೋಟಗಾರಿಕೆಯ ಪ್ರಯೋಗ ಕೇಂದ್ರವೂ ಅಲ್ಲಿದೆ, ಕೈಗಾರಿಕಾ ಪ್ರದೇಶವೂ ಇದೆ. ಓದು ಮುಗಿಸಿದ ನಮ್ಮ ಸುತ್ತಿನ ಹುಡುಗರು ಮೊದಲು ಅರ್ಜಿ ಹಾಕುವುದು ಆ ಕಾರ್ಖಾನೆಗಳಿಗೆ. ನಮ್ಮ ಬೀದಿಯ ಹುಡುಗನೊಬ್ಬನಿಗೆ ಹೀಗೆ ಒಂದು ಕಡೆಯಿಂದ ಉತ್ತರ ಬಂತು. ‘ದೇರ್ ಆರ್ ಫ್ಯೂ ವೇಕೆನ್ಸೀಸ್ ಅಟ್ ಪ್ರೆಸೆಂಟ್’ ಎಂದು ಅದರಲ್ಲಿತ್ತು. ‘ಫ್ಯೂ’ ಎಂದರೆ ಕೆಲವು; ಹಾಗಾದರೆ ಕೆಲವು ಹುದ್ದೆ ಖಾಲಿ ಇವೆ ಎಂದು ಅವನೂ ಓದಿದ, ಮನೆಯವರೂ ನಂಬಿದರು. ಎರಡು ತಿಂಗಳು ಕಾದ. ನಡುವೆ ಕೈಗೆ ಬಂದಿದ್ದ ಇನ್ನೊಂದು ಕೆಲಸವನ್ನು ಬೇಡವೆಂದ. ಕಾಗದ ಬರೆದವರು ಹೇಳಿದ್ದು ‘ಹುದ್ದೆ ಇಲ್ಲವೆನ್ನುವಷ್ಟು ಕಡಿಮೆ’ ಎಂದು. ಹಿಂದೆ ಒಂದು ‘ಎ’ ಇದ್ದಿದ್ದರೆ ಅವನ ಅರ್ಥವೇ ಸರಿಯಾಗುತ್ತಿತ್ತು.

ಈ ವ್ಯತ್ಯಾಸ ಪುಸ್ತಕದಲ್ಲಿಲ್ಲವೆಂದಲ್ಲ. ರೆನ್ ಮತ್ತು ಮಾರ್ಟಿನ್ನರ ವ್ಯಾಕರಣದಲ್ಲಿ ‘ಫ್ಯೂ’, ‘ಎ ಫ್ಯೂ’, ‘ದಿ ಫ್ಯೂ’ ಮೂರನ್ನೂ ಸಾಲಾಗಿ ನಿಲ್ಲಿಸಿ ತೋರಿಸಿದ್ದಾರೆ. ಮೊದಲನೆಯದು ನಿಷೇಧಾರ್ಥಕ, ಎರಡನೆಯದು ಅಲ್ಲ ಎಂಬ ಸೂತ್ರವನ್ನು ನಾವೂ ಉರು ಹೊಡೆದಿದ್ದೇವೆ. ಸೂತ್ರ ಸರಿಯಾದದ್ದೇ. ಆದರೆ ಅದು ನಾಲಗೆಯ ತುದಿಯಲ್ಲಿ ಕೂತಿರುತ್ತದೆ, ಕಿವಿಗೆ ಇಳಿಯುವುದಿಲ್ಲ. ಕಿವಿಗೆ ಇಳಿಯಬೇಕಾದರೆ ನಮ್ಮದೇ ಮಾತಿನ ಮೂಲಕ ಇಳಿಯಬೇಕೆಂಬುದು ನನ್ನ ವಾದ.

ಮಳೆ ಬಂದ ಮರುದಿನ ಹೊಲದ ಬದುವಿನ ಮೇಲೆ ನಮ್ಮ ಕಡೆಯವರು ಆಡುವ ಮಾತನ್ನು ಕೇಳಿ. “ಹೆಂಗಣ್ಣೋ, ನಿಮ್ ಕಡೆ ಮಳೆ?” ಎಂದು ಒಬ್ಬ ಕೇಳುತ್ತಾನೆ. “ಒಂದೀಟು ಬಂತು ಕಣಪ್ಪ” ಎಂದರೆ ಬಿತ್ತನೆಗೆ ಅಡ್ಡಿಯಿಲ್ಲ, ಆರು ಕಟ್ಟಬಹುದು. “ಈಟೇ ಕಣಪ್ಪ ಬಂದಿದ್ದು” ಎಂದರೆ ಬೀಜ ಮತ್ತೆ ಮೂಟೆಗೆ. “ಬಂದೀಟೂ ಹರಿದೋಯ್ತು” ಎಂದರೆ ಇದ್ದದ್ದೂ ಹೋಯಿತು. ಮಾಪಕವಿಟ್ಟು ಅಳೆದರೆ ಮೂವರ ಹೊಲದಲ್ಲೂ ಬಿದ್ದ ಮಳೆ ಒಂದೇ ಆಗಿರಬಹುದು! ಅಂದರೆ ಈ ಮಾತುಗಳು ಮಳೆಯನ್ನು ಅಳೆಯುತ್ತಿಲ್ಲ, ಆಡುವವನ ಮನಸ್ಸನ್ನು ಅಳೆಯುತ್ತಿವೆ. ಇಂಗ್ಲಿಷಿನ ‘ಎ ಲಿಟ್ಲ್’, ‘ಲಿಟ್ಲ್’, ‘ದಿ ಲಿಟ್ಲ್’ ಎಂಬ ಮೂರೂ ಮಾಡುವ ಕೆಲಸ ಇದೇ ಅಲ್ಲವೆ? ಎಣಿಸುವ ವಸ್ತುವಾದರೆ ‘ಫ್ಯೂ’. ಸಭೆಗೆ ‘ಒಂದಷ್ಟು ಜನ ಬಂದಿದ್ದರು’ ಎನ್ನುವುದಕ್ಕೂ, ‘ಬಂದವರೇ ಕಡಿಮೆ’ ಎನ್ನುವುದಕ್ಕೂ, ‘ಬಂದಷ್ಟು ಜನವೂ ಎದ್ದುಹೋದರು’ ಎನ್ನುವುದಕ್ಕೂ ಇರುವ ಅಂತರವನ್ನು ನಮಗೆ ಯಾರೂ ಸೂತ್ರ ಹಾಕಿ ಕಲಿಸಿಲ್ಲ.

ಇನ್ನೂ ಒಂದು ಸ್ವಾರಸ್ಯವಿದೆ. ‘ಎ ಫ್ಯೂ’ ಎಂಬಲ್ಲಿನ ‘ಎ’ ನಮ್ಮ ‘ಒಂದಷ್ಟು’, ‘ಒಂದಿಷ್ಟು’ಗಳಲ್ಲಿನ ‘ಒಂದು’ ಮಾಡುವ ಕೆಲಸವನ್ನೇ ಮಾಡುತ್ತದೆ. ಬರೀ ‘ಇಷ್ಟೇ’ ಎಂದಾಗ ‘ಒಂದು’ ಬಿದ್ದುಹೋಗಿ ‘ಏ’ ಬಂದು ಕೂಡುತ್ತದೆ, ಜೊತೆಗೆ ನಿರಾಶೆಯೂ ಬರುತ್ತದೆ. ಈ ‘ಏ’ಕಾರವನ್ನು ಹೈಸ್ಕೂಲಿನ ಕನ್ನಡ ತರಗತಿಯಲ್ಲಿ ಅವಧಾರಣಾರ್ಥಕಾವ್ಯಯವೆಂದು ನಾವೆಲ್ಲ ಓದಿದ್ದೇವೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಗಳಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟ. ಕಿರುಪದಗಳ ಬೆಲೆ ಬಲ್ಲ ನಾಡು ನಮ್ಮದು. ಆದರೆ ಕನ್ನಡದ ಪೀರಿಯಡ್ಡಿನಲ್ಲಿ ಕಲಿತದ್ದನ್ನು ಇಂಗ್ಲಿಷಿನ ಪೀರಿಯಡ್ಡಿನಲ್ಲಿ ಯಾರೂ ನೆನಪು ಮಾಡುವುದಿಲ್ಲ. ನಡುವೆ ಒಂದು ಗಂಟೆ ಬಾರಿಸಿರುತ್ತದೆ. ‘ಸಮ್’, ‘ಎನಿ’ಗಳ ಗೊಂದಲವೂ ಹೀಗೆಯೇ. ಯಾರೋ ಬಂದರು, ಯಾರಾದರೂ ಬಂದರೆ, ಯಾರೂ ಬರಲಿಲ್ಲ: ಮೂರು ವಾಕ್ಯದಲ್ಲಿ ಬಹುಪಾಲು ಪಾಠ ಮುಗಿಯಿತು.

ಇನ್ನು ಕ್ರಿಯಾಪದಗಳು. ‘ಲುಕ್’ ಎಂದರೆ ನೋಡು, ‘ಆಫ್ಟರ್’ ಎಂದರೆ ಆಮೇಲೆ. ಎರಡೂ ಕೂಡಿದರೆ ‘ಪಾಲಿಸು, ಪೋಷಿಸು’ ಎಂದು ಗೈಡಿನಲ್ಲಿ ಬರೆದಿರುತ್ತದೆ. ಇದು ಯಾವ ನ್ಯಾಯವೆಂದು ಹುಡುಗ ಬೆರಗಾಗುತ್ತಾನೆ. ಅದೇ ಹುಡುಗನಿಗೆ ಬೆಳಿಗ್ಗೆ ಅವನ ತಾಯಿ “ಎಮ್ಮೆ ನೋಡ್ಲಾ” ಎಂದಿದ್ದರೆ ಒಮ್ಮೆ ನೋಡಿ ಶಾಲೆಗೆ ಹೊರಡುತ್ತಿದ್ದ. “ಎಮ್ಮೆ ನೋಡ್ಕೊಳ್ಳಲಾ” ಎಂದಿದ್ದರೆ ಅಂದು ಶಾಲೆಯೇ ಇಲ್ಲ! ‘ಕೊಳ್ಳು’ ಎಂಬ ಬಾಲ ಅಂಟಿದ ಮಾತ್ರಕ್ಕೆ ನೋಟವು ಪಾಲನೆಯಾದದ್ದರ ಬಗ್ಗೆ ಅವನಿಗೆ ಎಳ್ಳಷ್ಟೂ ಆಶ್ಚರ್ಯವಿಲ್ಲ. ‘ಪುಟ್ ಆಫ್’ ಎಂದರೆ ಮುಂದಕ್ಕೆ ಹಾಕು. ಇಂಗ್ಲಿಷರೂ ಹಾಕಿದರು, ನಾವೂ ಹಾಕಿದೆವು. ‘ಟರ್ನ್ ಡೌನ್’ ಆದ ಅರ್ಜಿಯನ್ನು ನಾವು ತಳ್ಳಿಹಾಕುತ್ತೇವೆ. ‘ಲೆಟ್ ಡೌನ್’ ಮಾಡುವ ಮಳೆ ನಮ್ಮಲ್ಲಿ ಕೈಕೊಡುತ್ತದೆ. ಕೈ ಕೊಡುವುದೆಂದರೆ ಆಸರೆಯಾಗಬೇಕಾಗಿತ್ತು, ಆದದ್ದು ಮೋಸ. ಚಟವನ್ನು ‘ಗಿವ್ ಅಪ್’ ಮಾಡುವವನು ಬಿಟ್ಟುಬಿಡುತ್ತಾನೆ, ಹಟದಲ್ಲಿ ‘ಗಿವ್ ಇನ್’ ಆಗುವವನು ಬಿಟ್ಟುಕೊಡುತ್ತಾನೆ. ‘ಈಟ್ ಅಪ್’, ‘ಯೂಸ್ ಅಪ್’, ‘ಬರ್ನ್ ಅಪ್’ಗಳಲ್ಲಿ ‘ಅಪ್’ ಮೇಲಕ್ಕೇನೂ ಹತ್ತುವುದಿಲ್ಲ. ತಿಂದುಬಿಟ್ಟ, ತೀರಿಹೋಯಿತು, ಸುಟ್ಟುಹೋಯಿತು ಎನ್ನುವಾಗ ಬಿಡು, ಹೋಗುಗಳು ಮಾಡುವಂತೆ ಕೆಲಸ ಪೂರ್ತಿಯಾದದ್ದನ್ನು ಸಾರುತ್ತದೆ.

‘ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಯೋಚಿಸಬೇಕು, ಕನ್ನಡ ತಂದರೆ ಕೆಡುತ್ತದೆ’ ಎನ್ನುವ ಅಧ್ಯಾಪಕರಿದ್ದಾರೆ. ಅವರ ಭಯ ನಿರಾಧಾರವಲ್ಲ. ‘ತಲೆ ತಿನ್ನಬೇಡ’ ಎಂಬುದನ್ನು ಪದಕ್ಕೆ ಪದವಿಟ್ಟು ಇಂಗ್ಲಿಷ್ ಮಾಡಿದರೆ ಕೇಳಿದವರು ಗಾಬರಿಯಾದಾರು. ಆದರೆ ನಾನು ಹೇಳುತ್ತಿರುವುದು ಭಾಷಾಂತರವನ್ನಲ್ಲ, ಹೋಲಿಕೆಯನ್ನು. ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದುಕೊಂಡೇ 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಎಂಬ ಪುಸ್ತಕವನ್ನು ಕನ್ನಡಕ್ಕೆ ಕೊಟ್ಟರು. ಒಂದು ಭಾಷೆಯನ್ನು ಹೊರಗೆ ನಿಲ್ಲಿಸಿ ಇನ್ನೊಂದನ್ನು ಒಳಗೆ ಕರೆಯುವವರು ಮಾಡಬಲ್ಲ ಕೆಲಸವೇ ಅದು? ಎಂಟು ಹತ್ತು ವರ್ಷ ಇಂಗ್ಲಿಷನ್ನು ಪಾಠವಾಗಿ ಮಾತ್ರ ಕಂಡು, ಮನೆಯಲ್ಲಿ, ಹೊಲದಲ್ಲಿ, ಬಸ್ಸಿನಲ್ಲಿ ಕನ್ನಡವನ್ನೇ ಆಡಿ ಬಂದವನಿಗೆ ಇಂಗ್ಲಿಷಿನಲ್ಲಿ ಯೋಚಿಸು ಎನ್ನುವುದು, ಕೆರೆ ಕಾಣದವನಿಗೆ ಈಜು ಎಂದಂತೆ.

ಕನ್ನಡ ಎಲ್ಲ ಕಡೆಯೂ ಒದಗುತ್ತದೆಂದೇನೂ ಅಲ್ಲ. ‘ಮಚ್’, ‘ಮೆನಿ’ ಎರಡಕ್ಕೂ ನಾವು ‘ಬಹಳ’ ಎಂದು ಸುಮ್ಮನಾಗುತ್ತೇವೆ. ‘ಪುಟ್ ಇಟ್ ಆಫ್’ ಎನ್ನಬೇಕು, ‘ಪುಟ್ ಆಫ್ ಇಟ್’ ಕೂಡದು; ‘ಲುಕ್ ಆಫ್ಟರ್ ಇಟ್’ ಎನ್ನಬೇಕು, ನಡುವೆ ‘ಇಟ್’ ತೂರಿಸಕೂಡದು. ನಮ್ಮಲ್ಲಿ ‘ಅದನ್ನು’ ಎಂಬುದು ಮೊದಲೇ ಬಂದು ಕೂತಿರುವುದರಿಂದ ಈ ಜಗಳಕ್ಕೆ ಎಡೆಯಿಲ್ಲ. ಇಂಥ ಕಡೆ ಗೈಡಿನ ಪಟ್ಟಿಯನ್ನೇ ಬಾಯಿಪಾಠ ಮಾಡಬೇಕು, ಬೇರೆ ದಾರಿ ಕಾಣೆ.

ಉಳಿದದ್ದಕ್ಕೆ ನನ್ನದೊಂದು ಸೂಚನೆಯಿದೆ. ವಾರಕ್ಕೆ ಒಂದು ಪೀರಿಯಡ್ಡು ಕನ್ನಡ ಮತ್ತು ಇಂಗ್ಲಿಷ್ ವಿಭಾಗದ ಅಧ್ಯಾಪಕರಿಬ್ಬರೂ ಒಂದೇ ಕೊಠಡಿಗೆ ಬರಲಿ. ವಿದ್ಯಾರ್ಥಿಗಳು ಮನೆಯಲ್ಲಿ ಕೇಳಿದ ನಾಲ್ಕು ಮಾತನ್ನು ಬರೆದು ತರಲಿ. ಬೋರ್ಡಿನ ಒಂದು ಬದಿಗೆ ‘ನೋಡ್ಕೊ’, ಇನ್ನೊಂದು ಬದಿಗೆ ‘ಲುಕ್ ಆಫ್ಟರ್’ ಬೀಳಲಿ. ಇದಕ್ಕೆ ಹೊಸ ಕಟ್ಟಡವಾಗಲಿ ಹಣವಾಗಲಿ ಬೇಕಿಲ್ಲ. ಸೋಮವಾರದ ಮೊದಲ ಪೀರಿಯಡ್ಡು ಮಾತ್ರ ಬೇಡವೆಂದು ಪ್ರಾರ್ಥನೆ. ಅಂದು ನಮ್ಮ ಕಡೆಯ ಬಸ್ಸು ತುಂಬಿಕೊಂಡು ಬಂದು ಹಿರೇಹಳ್ಳಿಯಲ್ಲಿ ನಿಲ್ಲದೆಯೇ ಹೋಗಿಬಿಡುತ್ತದೆ.