ಮನೆ-ಮನೆತನ: ಮಾರುವ ಮನೆಯ ಒಪ್ಪ ಓರಣ

ಹಳೆಯ ಮನೆಯನ್ನು ಮಾರಲು ಹೊರಟವರು ಮೊದಲು ಸುಣ್ಣಬಣ್ಣದ ಯೋಚನೆ ಮಾಡುತ್ತಾರೆ. ಅದಕ್ಕೂ ಮುಂಚೆ ಆಗಬೇಕಾದುದು ಮನೆಯನ್ನು ಹಗುರಗೊಳಿಸುವ ಕೆಲಸ. ಅಟ್ಟದ ತೂತುಬಿದ್ದ ಕೊಡಗಳು, ಚಾವಡಿಯ ಮುರುಕು ಕುರ್ಚಿ, ಗೋಡೆಯ ಹಳೆಯ ಕ್ಯಾಲೆಂಡರುಗಳು ಹೊರಗೆ ಹೋದರೆ ಅದೇ ಕೋಣೆ ವಿಶಾಲವಾಗಿ ತೋರುವುದು. ನಮ್ಮ ಕಾಸರಗೋಡಿನ ಹೆಂಚಿನ ಮನೆಗಳಲ್ಲಿ ಬೆಳಕು ಕಡಿಮೆ. ಮಾಡಿನ ಗಾಜಿನ ಹೆಂಚುಗಳನ್ನು ತೊಳೆಸಿ, ಕಿಟಕಿಗೆ ಅಡ್ಡ ಬಂದ ಕೊಂಬೆಗಳನ್ನು ಕಡಿಸಿದರೆ ಹೆಚ್ಚು ವೆಚ್ಚವಿಲ್ಲದೆ ಒಳಗೆ ಬೆಳಕು ಹರಿಯುವುದು. ಬಾವಿಕಟ್ಟೆಯ ಪಾಚಿಯನ್ನು ಉಜ್ಜಿ ತೆಗೆದು, ನೋಡಬರುವವರನ್ನು ಹಗಲಿನಲ್ಲಿಯೇ ಬರಹೇಳಬೇಕು.

ಆದರೆ ಒಪ್ಪಗೊಳಿಸುವುದು ಬೇರೆ, ಮರೆಮಾಚುವುದು ಬೇರೆ. ಗೆದ್ದಲು ತಿಂದ ಪಕ್ಕಾಸಿಗೆ ಬಣ್ಣ ಬಳಿಯುವುದೂ ಬೇಸಗೆಯಲ್ಲಿ ಬತ್ತುವ ಬಾವಿಯನ್ನು ಮಳೆಗಾಲದಲ್ಲಿ ತೋರಿಸಿ ಸುಮ್ಮನಿರುವುದೂ ಸಲ್ಲದು. ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾರದ, ಆದರೆ ಮಾರುವವರಿಗೆ ತಿಳಿದಿರುವ ಮುಖ್ಯ ದೋಷವನ್ನು ಹೇಳಲೇಬೇಕೆಂಬುದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮಿನ ವಿಧಿ; ಹೇಳದಿರುವುದನ್ನು ಆ ಕಲಮು ವಂಚನೆಯೆಂದೇ ಎಣಿಸುತ್ತದೆ.

ಕಾಗದಪತ್ರಗಳೂ ಈ ಓರಣಕ್ಕೆ ಸೇರಿದವು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವ ಮುನ್ನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆ ಕಾಲದ ಕನ್ನಡ ದಸ್ತಾವೇಜುಗಳು ಅನೇಕರ ಪೆಟ್ಟಿಗೆಯಲ್ಲಿವೆ. ಕೊಳ್ಳುವವರಿಗೆ ಕನ್ನಡ ಬಾರದಿದ್ದರೆ ಮಲಯಾಳದಲ್ಲಿ ತಾತ್ಪರ್ಯ ಬರೆಯಿಸಿಟ್ಟು, ತೆರಿಗೆ ರಶೀದಿ ಮತ್ತು ಋಣಭಾರ ಪತ್ರದೊಡನೆ ಮುಂದಿಡುವುದು ಲೇಸು.

ಮನೆ ಕೈಬಿಟ್ಟರೂ ಊರಿನ ನಂಟು ಬಿಡದು. ಕೊಂಡವರು ನಾಳೆ ನಮ್ಮ ಬಂಧುಗಳಿಗೇ ನೆರೆಹೊರೆಯವರು. ಮೊದಲ ಮಳೆ ಸುರಿದಾಗ ಆ ಮಾಡಿನ ಕೆಳಗೆ ಕುಳಿತು ಅವರು ನಮ್ಮನ್ನು ಹೇಗೆ ನೆನೆಯುವರೆಂಬುದು ಇಂದೇ ತೀರ್ಮಾನವಾಗುವುದು.