ಕೊನೆಯ ಪಂಕ್ತಿಗೂ ಪಾಯಸ ಬಂತೇ?

ಮಕ್ಕಳೇ, ಮದುವೆಮನೆಯ ಊಟ ಹೇಗಿತ್ತು ಎಂದು ಯಾರನ್ನು ಕೇಳಬೇಕು ಗೊತ್ತೇ? ಮೊದಲ ಪಂಕ್ತಿಯಲ್ಲಿ ಕೂತವರನ್ನು ಕೇಳಿ ಪ್ರಯೋಜನವಿಲ್ಲ. ಅವರ ಎಲೆಗೆ ಪಾಯಸ ಎರಡು ಸಲ ಬಂದಿರುತ್ತದೆ. ಹೋಳಿಗೆಗೆ ಇನ್ನಷ್ಟು ತುಪ್ಪ ಬೇಕೇ ಎಂದು ಹುಡುಗಿಯ ತಂದೆಯೇ ಬಂದು ಉಪಚಾರ ಮಾಡಿರುತ್ತಾರೆ. ಕೇಳಬೇಕಾದದ್ದು ಕೊನೆಯ ಪಂಕ್ತಿಯವರನ್ನು. ಅವರ ಎಲೆಗೂ ಪಾಯಸ ಬಂದಿದ್ದರೆ ಆ ಮದುವೆ ಅಚ್ಚುಕಟ್ಟಾಗಿ ನಡೆಯಿತು ಎಂದರ್ಥ. ಇದು ನನ್ನ ತಾಯಿ ಹೇಳುತ್ತಿದ್ದ ಮಾತು. ನೆಂಟರಿಷ್ಟರ ಮದುವೆಗಳಲ್ಲಿ ಉಗ್ರಾಣದ ಜವಾಬ್ದಾರಿ ಅವರದೇ. ಬಡಿಸಲು ಶುರುಮಾಡುವ ಮೊದಲೇ ಒಂದು ಪಾತ್ರೆ ಪಾಯಸವನ್ನು ಎತ್ತಿ, ಮುಚ್ಚಿ, ಮೂಲೆಗಿಟ್ಟುಬಿಡುತ್ತಿದ್ದರು. ಕೊನೆಯ ಪಂಕ್ತಿ ಕೂರುವವರೆಗೆ ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ.

ಈ ಮಾತು ಓಟದ ಸ್ಪರ್ಧೆಗೂ ಸಲ್ಲುತ್ತದೆ ಎಂಬುದು ನನಗೆ ಹೋದ ವರ್ಷ ತಿಳಿಯಿತು.

ನಮ್ಮ ಮೈಸೂರಿನಲ್ಲಿ ವರ್ಷಕ್ಕೆ ನಾಲ್ಕಾರು ಓಟಗಳು ನಡೆಯುತ್ತವೆ. ನಾನು ಹೇಳುತ್ತಿರುವುದು ಯಾವ ಓಟದ ವಿಷಯ ಎಂಬುದು ಮುಖ್ಯವಲ್ಲ. 5 ಕಿಲೋಮೀಟರ್ ಆಗಲಿ, 10 ಆಗಲಿ, ಊರಿನವರು ಎಲ್ಲವನ್ನೂ ‘ಮ್ಯಾರಥಾನ್’ ಎಂದೇ ಕರೆಯುತ್ತಾರೆ. ಏಳನೇ ತರಗತಿ ಓದುವ ನನ್ನ ಮೊಮ್ಮಗಳು ಪುಟ್ಟಿ ಮಾತ್ರ ಇದನ್ನು ಒಪ್ಪುವುದಿಲ್ಲ. “ತಾತ, ಮ್ಯಾರಥಾನ್ ಅಂದ್ರೆ 42 ಕಿಲೋಮೀಟರ್ 195 ಮೀಟರ್. ಅಜ್ಜಿ ಓಡಿದ್ದು 10 ಕಿಲೋಮೀಟರ್ ಅಷ್ಟೇ” ಎಂದು ತಿದ್ದುತ್ತಾಳೆ.

ಹೌದು, ಓಡಿದವಳು ಪುಟ್ಟಿಯ ಅಜ್ಜಿ, ಅಂದರೆ ನನ್ನ ಹೆಂಡತಿ. ವಯಸ್ಸು 62. ಮಂಡಿನೋವಿಗೆ ಡಾಕ್ಟರು ದಿನಾ ನಡೆಯಲು ಹೇಳಿದ ಮೇಲೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆ ಶುರುಮಾಡಿದಳು. ಒಂದು ವರ್ಷದಲ್ಲಿ ನಡಿಗೆ ಬಿರುಸಾಯಿತು, ನಡುನಡುವೆ ಸಣ್ಣ ಓಟವೂ ಸೇರಿಕೊಂಡಿತು. ಒಂದು ದಿನ ಯಾರಿಗೂ ಹೇಳದೆ 10 ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟು ಬಂದಳು. ಓಟ ಮುಗಿಸಲು ಎರಡು ಗಂಟೆ ಸಮಯ ಕೊಡುತ್ತೇವೆ ಎಂದು ಚೀಟಿಯಲ್ಲಿ ಅಚ್ಚಾಗಿತ್ತು. “ಎರಡು ಗಂಟೆ ಸಾಕು ಕಣ್ರೀ” ಅಂದಳು.

ಭಾನುವಾರ ಬೆಳಿಗ್ಗೆ ಆರೂವರೆಗೆ ಓಟ ಶುರುವಾಯಿತು. ಅಜ್ಜಿ ಒಂದು ಗಂಟೆ ಐವತ್ತು ನಿಮಿಷಕ್ಕೆ ಮುಗಿಸಿದಳು. ಇನ್ನೂ ಹತ್ತು ನಿಮಿಷ ಬಾಕಿಯಿತ್ತು. ಆದರೆ ಅವಳು ಬರುವ ಹೊತ್ತಿಗೆ ಹುಡುಗರು ಕಮಾನಿನ ಹಗ್ಗ ಬಿಚ್ಚುತ್ತಿದ್ದರು. ಪದಕದ ಪೆಟ್ಟಿಗೆ ಖಾಲಿ. ಉಪ್ಪಿಟ್ಟಿನ ಪಾತ್ರೆಯಲ್ಲಿ ಸೌಟು ಮಾತ್ರ ಇತ್ತು. ಎಂಟನೇ ಕಿಲೋಮೀಟರಿನ ಟೇಬಲ್ಲಿನಲ್ಲಿ ನೀರೂ ಇರಲಿಲ್ಲವಂತೆ. ಸುತ್ತ ಬಿದ್ದಿದ್ದ ಅರ್ಧ ಕುಡಿದ ಬಾಟಲಿಗಳನ್ನು ದಾಟಿಕೊಂಡು ಒಣಗಿದ ಬಾಯಲ್ಲೇ ಬಂದಿದ್ದಳು.

ಎಲ್ಲಕ್ಕಿಂತ ನೋವಾದದ್ದು ಸಂಜೆ. ಓಟಗಾರರ ಎದೆಯ ಮೇಲಿನ ನಂಬರ್ ಚೀಟಿಯ ಹಿಂದೆ ಒಂದು ಪುಟ್ಟ ಚಿಪ್ ಅಂಟಿಸಿರುತ್ತಾರೆ. ಕೊನೆಯ ಗೆರೆಯಲ್ಲಿ ಹಾಸಿರುವ ಚಾಪೆಯನ್ನು ದಾಟಿದ ಕೂಡಲೇ ಯಂತ್ರ ಸಮಯವನ್ನು ಗುರುತಿಸಿಕೊಳ್ಳುತ್ತದೆ. ಅಜ್ಜಿ ಬರುವಷ್ಟರಲ್ಲಿ ಆ ಚಾಪೆಯನ್ನು ಸುತ್ತಿಟ್ಟಿದ್ದರು. ಹಾಗಾಗಿ ಫಲಿತಾಂಶದ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ‘ಓಟ ಮುಗಿಸಿಲ್ಲ’ ಎಂದಿತ್ತು. ಅಜ್ಜಿ ಏನೂ ಹೇಳಲಿಲ್ಲ. ಶೂಗಳನ್ನು ತೊಳೆದು, ಒಣಗಿಸಿ, ಕವರಿನಲ್ಲಿ ಹಾಕಿ ಅಟ್ಟದ ಮೇಲಿಟ್ಟಳು. ಮರುದಿನದಿಂದ ಕೆರೆಯ ಏರಿಗೆ ಹೋಗುವುದನ್ನೂ ನಿಲ್ಲಿಸಿದಳು.

ಪುಟ್ಟಿಗೆ ಸಿಟ್ಟು ತಡೆಯಲಾಗಲಿಲ್ಲ. “ತಾತ, ಅವರಿಗೆ ಒಂದು ಕಾಗದ ಬರೀಬೇಕು. ಖಾರವಾಗಿ!” ಅಂದಳು. ಬರೆಯೋಣ, ಆದರೆ ಒಬ್ಬರ ಮಾತು ಕೇಳಿ ಬರೆಯುವುದು ಬೇಡ, ಓಡಿದ ನಾಲ್ಕಾರು ಜನರನ್ನು ಕೇಳೋಣ ಎಂದೆ. ಇಬ್ಬರೂ ನೋಟ್‌ಬುಕ್ ಹಿಡಿದು ಕೆರೆಯ ಏರಿಗೆ ಹೋದೆವು.

ಅಲ್ಲಿ ಒಂದು ತಮಾಷೆಯಾಯಿತು. ಬ್ಯಾಂಕಿನ ಕೆಲಸದಲ್ಲಿರುವ ಒಬ್ಬರು 48 ನಿಮಿಷದಲ್ಲಿ ಓಟ ಮುಗಿಸಿದ್ದರು. ಅವರು “ಎಂಥಾ ವ್ಯವಸ್ಥೆ ಸಾರ್! ಎಲ್ಲಾ ಕಡೆ ನೀರು, ಬಿಸಿಬಿಸಿ ಉಪ್ಪಿಟ್ಟು” ಎಂದು ಹೊಗಳಿದರು. ನಡುವೆ ಬಂದ ಕಾಲೇಜು ಹುಡುಗಿಯೊಬ್ಬಳು “ಪರವಾಗಿಲ್ಲ ಅಂಕಲ್, ಆದ್ರೆ ಹೆಣ್ಣುಮಕ್ಕಳಿಗೆ ಇದ್ದ ಶೌಚಾಲಯ ಎರಡೇ. ಸಾಲಿನಲ್ಲಿ ನಿಂತು ಓಟ ಶುರುವಾಗೋದೇ ತಪ್ಪಿಹೋಗ್ತಿತ್ತು” ಅಂದಳು. ಬ್ಯಾಗುಗಳನ್ನು ಇಟ್ಟುಕೊಳ್ಳುವ ಕಡೆ ನಂಬರ್ ಪ್ರಕಾರ ಜೋಡಿಸಿರಲಿಲ್ಲ, ಹುಡುಕಲು ಅರ್ಧ ಗಂಟೆ ಬೇಕಾಯಿತು ಎಂದರು ಮತ್ತೊಬ್ಬರು. ನಿಧಾನವಾಗಿ ಬಂದವರ ಕಥೆ ಮಾತ್ರ ಅಜ್ಜಿಯ ಕಥೆಯೇ. ಓಟ ಒಂದೇ, ಬೆಳಗು ಒಂದೇ. ಆದರೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಓಟ. ನನಗೆ ತಾಯಿಯ ಪಂಕ್ತಿಯ ಮಾತು ನೆನಪಾದದ್ದು ಆಗ.

ಒಬ್ಬರು, “ದಾರಿ ಅಳೆದಿದ್ದೇ ತಪ್ಪು. ನನ್ನ ಗಡಿಯಾರದಲ್ಲಿ 10 ಕಿಲೋಮೀಟರಿಗಿಂತ 150 ಮೀಟರ್ ಜಾಸ್ತಿ ಬಂತು” ಎಂದರು. ಈ ದೂರನ್ನು ಮಾತ್ರ ನಾವು ಕಾಗದದಲ್ಲಿ ಸೇರಿಸಲಿಲ್ಲ. ಏಕೆಂದರೆ ಓಟದ ದಾರಿಯನ್ನು ನಿಯಮದಂತೆ ಅಳೆಯುವಾಗ, ಚಕ್ರಕ್ಕೆ ಎಣಿಕೆಯ ಯಂತ್ರ ಕಟ್ಟಿದ ಸೈಕಲ್ಲಿನಲ್ಲಿ, ತಿರುವುಗಳ ಒಳ ಅಂಚು ಹಿಡಿದು ಅಳೆಯುತ್ತಾರೆ. ದಾರಿ ಅಪ್ಪಿತಪ್ಪಿಯೂ ಕಡಿಮೆಯಾಗಬಾರದೆಂದು ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚಿಗೇ ಸೇರಿಸುತ್ತಾರೆ. ನಾವು ಓಡುವಾಗ ಜನರನ್ನು ತಪ್ಪಿಸಿಕೊಂಡು, ತಿರುವುಗಳಲ್ಲಿ ಅಗಲವಾಗಿ ಸುತ್ತಿಕೊಂಡು ಹೋಗುತ್ತೇವೆ. ಹಾಗಾಗಿ ಕೈಗಡಿಯಾರ ಸಾಮಾನ್ಯವಾಗಿ ಹೆಚ್ಚೇ ತೋರಿಸುತ್ತದೆ. ತಪ್ಪು ಹುಡುಕುವಾಗಲೂ ನ್ಯಾಯ ಬಿಡಬಾರದಲ್ಲವೇ?

ಕಾಗದದಲ್ಲಿ ಮೊದಲು ಚೆನ್ನಾಗಿದ್ದ ಆರು ಸಂಗತಿ, ಆಮೇಲೆ ಸರಿಯಾಗಬೇಕಾದ ನಾಲ್ಕು ಸಂಗತಿ ಬರೆದೆವು. ಕೊನೆಯಲ್ಲಿ ಪುಟ್ಟಿ ತಾನೇ ಒಂದು ಸಾಲು ಸೇರಿಸಿದಳು: “ನಮ್ಮ ಅಜ್ಜಿ ಓಟ ಮುಗಿಸಿದ್ದಾರೆ. ನಾನು ನೋಡಿದ್ದೇನೆ.”

ಹತ್ತು ದಿನದ ಮೇಲೆ ಓಟ ನಡೆಸುವವರಲ್ಲಿ ಒಬ್ಬರು ಫೋನ್ ಮಾಡಿದರು. ನೀರು ಮುಗಿದದ್ದು ಏಕೆಂದು ಬಿಡಿಸಿ ಹೇಳಿದರು. ನೀರನ್ನು ಸಣ್ಣ ಬಾಟಲಿಗಳಲ್ಲಿ ಇಟ್ಟಿದ್ದರು. ಮುಂದೆ ಓಡಿದವರು ಒಂದೊಂದು ಬಾಟಲಿ ತೆಗೆದುಕೊಂಡು ಒಂದೇ ಗುಟುಕು ಕುಡಿದು ಎಸೆದಿದ್ದರು. ಹೆಸರು ಕೊಡದೆ ಓಟಕ್ಕೆ ಸೇರಿಕೊಂಡವರೂ ಕುಡಿದಿದ್ದರು. ಇನ್ನಷ್ಟು ನೀರು ಕಳಿಸೋಣವೆಂದರೆ ರಸ್ತೆ ಮುಚ್ಚಿದ್ದರಿಂದ ಟೆಂಪೊ ಹೋಗಲಾಗಲಿಲ್ಲ. ಚಾಪೆಯನ್ನು ಬೇಗ ಸುತ್ತಿದ್ದಕ್ಕೆ ಮಾತ್ರ ಅವರ ಬಳಿ ಕಾರಣವಿರಲಿಲ್ಲ. “ಅದು ನಮ್ಮ ತಪ್ಪು ಸಾರ್. ಮುಂದಿನ ವರ್ಷ ಎಂಟನೇ ಕಿಲೋಮೀಟರಿನ ಟೇಬಲ್ಲನ್ನು ನೀವೇ ನೋಡ್ಕೊಳ್ತೀರಾ?” ಎಂದು ಕೇಳಿದರು. ದೂರು ಕೊಟ್ಟವರ ತಲೆಗೇ ಕೆಲಸ ಬಂತು! ಪುಟ್ಟಿ ನನಗಿಂತ ಮೊದಲು ಒಪ್ಪಿಕೊಂಡಳು.

ಆ ಸಂಜೆ ಅಜ್ಜಿ ಕುರ್ಚಿ ಹಾಕಿಕೊಂಡು ಅಟ್ಟದಿಂದ ಶೂ ಇಳಿಸಿದಳು.

ಈ ವರ್ಷ ಪುಟ್ಟಿ ತನ್ನ ಗಣಿತವನ್ನೆಲ್ಲ ಪ್ರಯೋಗಿಸಿದಳು. ನೀವೂ ಲೆಕ್ಕ ಹಾಕಿ ನೋಡಿ. 800 ಓಟಗಾರರು, ಒಬ್ಬರಿಗೆ ಎರಡು ಲೋಟ, ಲೋಟಕ್ಕೆ 150 ಮಿಲಿಲೀಟರ್ ನೀರು. ಒಟ್ಟು 240 ಲೀಟರ್. 20 ಲೀಟರಿನ ಕ್ಯಾನ್ ಆದರೆ 12 ಬೇಕು. ಪುಟ್ಟಿ 15 ಕೇಳಿ ತರಿಸಿಕೊಂಡಳು. ಉಳಿದ ಮೂರರ ಮೇಲೆ ಸೀಮೆಸುಣ್ಣದಲ್ಲಿ ‘ಕಡೆಯವರಿಗೆ’ ಎಂದು ಬರೆದು ಟೇಬಲ್ಲಿನ ಕೆಳಗೆ ತಳ್ಳಿದಳು. ನನ್ನ ತಾಯಿಯನ್ನು ಅವಳು ನೋಡಿಲ್ಲ. ಆದರೂ ಉಗ್ರಾಣದ ಮೂಲೆಯ ಆ ಪಾತ್ರೆ ನನ್ನ ಕಣ್ಣ ಮುಂದೆ ಬಂತು.

ಹಿಂದಿನ ರಾತ್ರಿ ಅವಳಿಗೆ ಎರಡು ಕಥೆ ಹೇಳಿದ್ದೆ. ಒಂದು, 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ನಡೆದ ಒಲಿಂಪಿಕ್ ಮ್ಯಾರಥಾನಿನದು. ಅಷ್ಟು ಕೆಟ್ಟದಾಗಿ ನಡೆದ ಓಟ ಇನ್ನೊಂದಿರಲಾರದು. ಆಗಸ್ಟ್ ತಿಂಗಳ ಸುಡುಬಿಸಿಲಿನ ಮಧ್ಯಾಹ್ನ, ಮಣ್ಣಿನ ರಸ್ತೆ, ಜೊತೆಗೆ ಹೋಗುತ್ತಿದ್ದ ಮೋಟಾರುಗಳಿಂದ ಏಳುವ ಧೂಳು. ದಾರಿಯುದ್ದಕ್ಕೂ ನೀರು ಸಿಗುತ್ತಿದ್ದುದು ಒಂದೆರಡು ಕಡೆ ಮಾತ್ರ. ದಕ್ಷಿಣ ಆಫ್ರಿಕಾದ ಓಟಗಾರನೊಬ್ಬನನ್ನು ನಾಯಿಗಳು ಅಟ್ಟಿಸಿಕೊಂಡು ಹೋದವು. ಮೊದಲು ಬಂದವನೆಂದು ಜನ ಚಪ್ಪಾಳೆ ತಟ್ಟಿದ ಫ್ರೆಡ್ ಲಾರ್ಜ್, ದಾರಿಯಲ್ಲಿ ಕಾರು ಹತ್ತಿ ಬಂದಿದ್ದನೆಂದು ಆಮೇಲೆ ತಿಳಿಯಿತು! ಹೊರಟ 32 ಜನರಲ್ಲಿ ಮುಗಿಸಿದವರು 14 ಮಂದಿ. ಓಡುವವರಿಗೆ ಎಷ್ಟೇ ಶಕ್ತಿಯಿದ್ದರೂ ನಡೆಸುವವರು ಸರಿಯಿಲ್ಲದಿದ್ದರೆ ಹೀಗೆ.

ಇನ್ನೊಂದು ಕಥೆ 1968ರ ಮೆಕ್ಸಿಕೊ ಒಲಿಂಪಿಕ್ಸಿನದು. ಟಾಂಜಾನಿಯಾದ ಜಾನ್ ಸ್ಟೀಫನ್ ಅಖ್ವಾರಿ ದಾರಿಯಲ್ಲಿ ಬಿದ್ದು ಮಂಡಿಗೆ ಪೆಟ್ಟು ಮಾಡಿಕೊಂಡರು. ಕಾಲಿಗೆ ಬಟ್ಟೆ ಸುತ್ತಿಸಿಕೊಂಡು ಕುಂಟುತ್ತಲೇ ಮುಂದುವರಿದರು. ಇಥಿಯೋಪಿಯಾದ ಮಾಮೊ ವೊಲ್ದೆ ಗೆದ್ದು ಒಂದು ಗಂಟೆಗೂ ಹೆಚ್ಚು ಹೊತ್ತಾದ ಮೇಲೆ ಅಖ್ವಾರಿ ಕ್ರೀಡಾಂಗಣಕ್ಕೆ ಬಂದರು. ಓಟ ಮುಗಿಸಿದ 57 ಜನರಲ್ಲಿ ಅವರೇ ಕೊನೆಯವರು. ಮನೆಗೆ ಹೋಗದೆ ಉಳಿದಿದ್ದ ಜನ ಅವರಿಗೆ ಚಪ್ಪಾಳೆ ತಟ್ಟಿದರು.

ಕಥೆ ಹೇಳುವುದು ಸುಲಭ ಮಕ್ಕಳೇ. ಮುಂದೆ ಏನಾಯಿತೆಂದು ಕೇಳಿ.

ಟೇಬಲ್ಲಿನ ಹಿಂದೆ ನಿಂತ ಮೇಲೆ ಆ ಕೆಲಸದ ಕಷ್ಟ ಗೊತ್ತಾಯಿತು. ನೂರಾರು ಜನ ಒಟ್ಟಿಗೆ ಬಂದಾಗ ಲೋಟ ತುಂಬಿಸುವ ಕೈ ಸೋಲುತ್ತದೆ. ಲೋಟವನ್ನು ಅಂಚು ಹಿಡಿದು ಚಾಚಿದರೆ ಓಟಗಾರರು ಓಡುತ್ತಲೇ ತೆಗೆದುಕೊಳ್ಳಬಹುದು; ಬುಡ ಹಿಡಿದು ಚಾಚಿದರೂ ಆದೀತು, ಆದರೆ ನಡುವೆ ಗಟ್ಟಿಯಾಗಿ ಹಿಡಿದರೆ ಅರ್ಧ ನೀರು ನಮ್ಮ ಮೈಮೇಲೆ. ಕಸದ ಡಬ್ಬಿ ಪಕ್ಕದಲ್ಲೇ ಇದ್ದರೂ ಲೋಟಗಳು ರಸ್ತೆಯಲ್ಲೇ ಬೀಳುತ್ತಿದ್ದವು. ಒಬ್ಬರು ಮಾತ್ರ ನಿಂತು, ಡಬ್ಬಿಯಲ್ಲಿ ಹಾಕಿ, “ಥ್ಯಾಂಕ್ಸ್ ಪುಟ್ಟಾ” ಎಂದು ಹೇಳಿ ಹೋದರು. ಅವರನ್ನು ಪುಟ್ಟಿ ಇನ್ನೂ ಮರೆತಿಲ್ಲ.

ಏಳು ಗಂಟೆ ಐವತ್ತೈದು ನಿಮಿಷಕ್ಕೆ ಅಜ್ಜಿ ಬಂದಳು. ಮುಖ ಕೆಂಪಾಗಿತ್ತು. ಎರಡು ಲೋಟ ಕುಡಿದು, “ರೀ, ಹಿಂದೆ ಇನ್ನೂ ಮೂರು ಜನ ಇದಾರೆ. ಟೇಬಲ್ ತೆಗೀಬೇಡಿ” ಎಂದು ಹೇಳಿ ಹೊರಟಳು. ಸ್ವಲ್ಪ ಹೊತ್ತಿಗೆ ಇಬ್ಬರು ಹೆಂಗಸರು ಮಾತಾಡಿಕೊಂಡು ಬಂದು ಹೋದರು. ಆಮೇಲೆ ರಸ್ತೆ ಖಾಲಿ. ಸಾಮಾನು ಒಯ್ಯುವ ಟೆಂಪೊ ಬಂದು ನಿಂತಿತು. ಡ್ರೈವರು “ಬೇಗ ಸಾರ್, ಇನ್ನೂ ಮೂರು ಟೇಬಲ್ ಎತ್ತಬೇಕು” ಎಂದು ಅವಸರ ಮಾಡಿದ. ನನ್ನ ಸೊಂಟವೂ ನೋಯುತ್ತಿತ್ತು. ಆ ಮೂರನೆಯವರು ದಾರಿಯಲ್ಲೇ ಆಟೊ ಹತ್ತಿರಬೇಕು ಎಂದುಕೊಂಡು ನಾನು ಟೇಬಲ್ಲಿನ ಬಟ್ಟೆ ಮಡಿಸತೊಡಗಿದೆ.

“ತಾತ, ಕಡೇ ಸೈಕಲ್ ಬಂದಿಲ್ಲ!” ಅಂದಳು ಪುಟ್ಟಿ. ಎಲ್ಲರಿಗಿಂತ ಹಿಂದಿರುವ ಓಟಗಾರನ ಜೊತೆ ಒಬ್ಬ ಸ್ವಯಂಸೇವಕ ಸೈಕಲ್ಲಿನಲ್ಲಿ ಬರಬೇಕು, ಆ ಸೈಕಲ್ ದಾಟಿದ ಮೇಲೆಯೇ ಟೇಬಲ್ ತೆಗೆಯಬೇಕು ಎಂಬುದು ಈ ವರ್ಷದ ಹೊಸ ನಿಯಮ.

“ಬೇರೆ ರಸ್ತೆಯಲ್ಲಿ ಹೋಗಿರಬೇಕು ಬಿಡು” ಅಂದೆ.

“10 ಕಿಲೋಮೀಟರಿಗೆ ಎರಡು ಗಂಟೆ ಅಂದ್ರೆ ಒಂದು ಕಿಲೋಮೀಟರಿಗೆ 12 ನಿಮಿಷ. ಎಂಟಕ್ಕೆ 96 ನಿಮಿಷ. 8 ಗಂಟೆ 6 ನಿಮಿಷದವರೆಗೂ ನಾವು ಇರಬೇಕು. ರಾತ್ರಿ ಅಖ್ವಾರಿ ಕಥೆ ಹೇಳಿದ್ದು ನೀನೇ ತಾನೆ?”

ನನಗೆ ನಾಚಿಕೆಯಾಯಿತು. ಹೋದ ವರ್ಷ ಚಾಪೆ ಸುತ್ತಿದ ಹುಡುಗ ಕೆಟ್ಟವನೇನಲ್ಲ ಎಂದು ಆಗ ಅರ್ಥವಾಯಿತು. ಅವನಿಗೂ ಸೊಂಟ ನೋಯುತ್ತಿದ್ದಿರಬೇಕು, ಅವನ ಟೆಂಪೊದವನೂ ಅವಸರ ಮಾಡಿರಬೇಕು. “ಎಲ್ಲರೂ ಬಂದಾಯ್ತು” ಎಂದು ಅಂದುಕೊಳ್ಳುವುದು ಅಷ್ಟು ಸುಲಭ. ಬಟ್ಟೆಯನ್ನು ಮತ್ತೆ ಹಾಸಿದೆ. ಡ್ರೈವರಿಗೆ ಒಂದು ಲೋಟ ನೀರು ಕೊಟ್ಟು ಕೂರಿಸಿದೆ.

8 ಗಂಟೆ 5 ನಿಮಿಷಕ್ಕೆ ತಿರುವಿನಲ್ಲಿ ಒಬ್ಬ ಗಂಡಸು ಕಾಣಿಸಿದರು. ಒಂದು ಕಾಲು ಎಳೆದುಕೊಂಡು ಬರುತ್ತಿದ್ದರು, ಹಿಂದೆ ಸೈಕಲ್ ಹುಡುಗ ನಿಧಾನವಾಗಿ ತುಳಿಯುತ್ತಿದ್ದ. ಐದನೇ ಕಿಲೋಮೀಟರಿನಿಂದ ಮೀನಖಂಡ ಹಿಡಿದುಕೊಂಡಿತ್ತಂತೆ. ಟೇಬಲ್ ನೋಡಿ ಅವರು, “ಇನ್ನೂ ಇದ್ದೀರಾ?” ಎಂದರು. ಅಷ್ಟೇ ಮಾತು. ಪುಟ್ಟಿ ‘ಕಡೆಯವರಿಗೆ’ ಎಂದು ಬರೆದಿದ್ದ ಕ್ಯಾನಿನಿಂದ ಲೋಟ ತುಂಬಿಸಿ ಕೊಟ್ಟಳು. ಎರಡು ಕುಡಿದರು, ಮೂರನೆಯದನ್ನು ತಲೆಯ ಮೇಲೆ ಸುರಿದುಕೊಂಡು ಹೊರಟರು.

ಅಂದು ಸಂಜೆ ಪಟ್ಟಿಯಲ್ಲಿ ಅಜ್ಜಿಯ ಹೆಸರಿನ ಮುಂದೆ ಒಂದು ಗಂಟೆ 46 ನಿಮಿಷ ಎಂದಿತ್ತು. ಅವಳಿಗಿಂತ ಕೆಳಗೆ ಮೂರು ಹೆಸರು. ಮೂರಕ್ಕೂ ಸಮಯ ಬರೆದಿತ್ತು. ಪುಟ್ಟಿ ಮೂರನ್ನೂ ಎಣಿಸಿ ನೋಡಿದ ಮೇಲೆಯೇ ಊಟಕ್ಕೆ ಎದ್ದಳು. ಹಾಗೆಂದು ಎಲ್ಲವೂ ಸರಿಯಾಯಿತೆಂದಲ್ಲ. ಶೌಚಾಲಯದ ಸಾಲು ಈ ವರ್ಷವೂ ಉದ್ದವೇ ಇತ್ತು. ಈ ಸಲದ ಕಾಗದದಲ್ಲಿ ಅದೇ ಮೊದಲ ಸಾಲು.

ಮಕ್ಕಳೇ, ನಿಮ್ಮ ಶಾಲೆಯ ಕ್ರೀಡಾಕೂಟವೋ ಊರಿನ ಓಟವೋ ನಡೆದಾಗ ಮೊದಲು ಬಂದವರಿಗೆ ಚಪ್ಪಾಳೆ ತಟ್ಟಿ. ಆಮೇಲೆ ಮನೆಗೆ ಓಡಬೇಡಿ. ಕೊನೆಯವರು ಬರುವ ತನಕ ನಿಂತು, ಅವರಿಗೆ ನೀರು ಸಿಕ್ಕಿತೇ ಎಂದು ಕೇಳಿ. ಅಜ್ಜ-ಅಜ್ಜಿಯರೇ, ನೀವು ಓಡಲಾಗದಿದ್ದರೆ ಒಂದು ಟೇಬಲ್ಲಿನ ಹಿಂದೆ ನಿಲ್ಲಿ. ಜೊತೆಗೆ ಒಬ್ಬ ಮೊಮ್ಮಗಳನ್ನೋ ಮೊಮ್ಮಗನನ್ನೋ ಕರೆದುಕೊಂಡು ಹೋಗುವುದನ್ನು ಮರೆಯಬೇಡಿ. ನಾವು ಬಟ್ಟೆ ಮಡಿಸತೊಡಗಿದಾಗ ತಡೆಯುವವರು ಬೇಕು.